ನರವೆಂಬ ತಂತಿ

ಯಲಹಂಕ ಹಳೇ ಟೌನಿನ ಸಣ್ಣದೊಂದು ಕ್ಲಿನಿಕ್ಕಿನ ಬೆಂಚಿನ ಮೇಲೆ ನಮ್ಮ ದೊಡ್ಡಮ್ಮನ ಪಕ್ಕ ಕೂತಿದ್ದ ಅರ್ಧ ಗಂಟೆಯಲ್ಲಿ ಒಂದೇ ಪದವನ್ನು ಮೂವರ ಬಾಯಲ್ಲಿ ಮೂರು ಅರ್ಥದಲ್ಲಿ ಕೇಳಿದೆ. ಒಳಗೆ ಯಾರಿಗೋ ಗ್ಲೂಕೋಸ್ ಹಾಕುತ್ತಿದ್ದ ನರ್ಸಮ್ಮ, "ನರ ಸಿಗ್ತಿಲ್ಲ ತಾತ, ಮುಷ್ಟಿ ಬಿಗಿಯಾಗಿ ಹಿಡೀರಿ" ಅಂದರು. ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಹೊರುವ ಹಮಾಲಿಯೊಬ್ಬರು ಕತ್ತು ಹೊರಳಿಸಲಾಗದೆ, "ನರ ಹಿಡ್ಕೊಂಡ್‌ಬಿಟ್ಟೈತೆ" ಎಂದು ಪಕ್ಕದವರಿಗೆ ಹೇಳಿಕೊಳ್ಳುತ್ತಿದ್ದರು. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆಯ ಜೊತೆ ಬಾಳುತ್ತಿರುವ ದೊಡ್ಡಮ್ಮ ಪಾದ ಸವರಿಕೊಳ್ಳುತ್ತ, "ರಾತ್ರಿಯೆಲ್ಲ ನರ ಉರೀತದೆ ಕಣಪ್ಪ, ಇರುವೆ ಹರಿದಂಗಾಯ್ತದೆ" ಅಂದರು. ನರ್ಸಮ್ಮನ ನರ ರಕ್ತನಾಳ, ಹಮಾಲಿಯವರ ನರ ಮಾಂಸಖಂಡವನ್ನೂ ಮೂಳೆಯನ್ನೂ ಬಿಗಿಯುವ ಕಟ್ಟು, ದೊಡ್ಡಮ್ಮನದು ವೈದ್ಯಶಾಸ್ತ್ರ ಇಂದು ನರವೆಂದು ಕರೆಯುವ ನರ. ಮೂವರಲ್ಲಿ ಯಾರೂ ತಪ್ಪು ಕನ್ನಡ ಆಡಲಿಲ್ಲ. ಪದ ಅಷ್ಟು ಅಗಲವಾದದ್ದು, ಅಷ್ಟು ಹಳೆಯದು. ಅದರ ಬೆನ್ನು ಹತ್ತಿ ಸ್ವಲ್ಪ ದೂರ ನಡೆದು ನೋಡೋಣ ಎಂಬ ಆಸೆ ಹುಟ್ಟಿದ್ದು ಆ ಬೆಂಚಿನ ಮೇಲೆಯೇ.

ನಮ್ಮಂಥ ಪದಪ್ರಿಯರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಒಂದಿದೆ. ಕನ್ನಡದಲ್ಲಿ ಎರಡು ನರಗಳಿವೆ. ನರಹರಿ, ನರಲೋಕ, ನರಮಾನವ, ನರೇಂದ್ರ ಎನ್ನುವಾಗಿನ ನರ ಸಂಸ್ಕೃತದಿಂದ ಬಂದ ಮನುಷ್ಯ. ಭಾರತದ ಕಥೆಯಲ್ಲಿ ನಾರಾಯಣನ ಜೊತೆಗಾರನಾದ ಅರ್ಜುನನಿಗೂ ಅದೇ ಹೆಸರು. ಮೈಯೊಳಗೆ ಹರಿಯುವ ನರವಾದರೋ ಅಚ್ಚ ದ್ರಾವಿಡ. ಇಂಥದೇ ಇನ್ನೊಂದು ಜೋಡಿ ಪಕ್ಕದಲ್ಲೇ ಇರುವುದು ಸೋಜಿಗ: ಸಂಸ್ಕೃತದ ನಾರಿ ಹೆಣ್ಣು, ಹಳಗನ್ನಡದ ನಾರಿ ಬಿಲ್ಲಿನ ಹೆದೆ; ಇದು ನಾರು, ನಾರುಮಡಿ ಎನ್ನುವಾಗಿನ ಎಳೆಯ ಬಳಗಕ್ಕೆ ಸೇರಿದ್ದು. 'ನರನ ನಾರಿ' ಎಂದು ಬರೆದರೆ ಒಬ್ಬ ಓದುಗನಿಗೆ ಗಂಡಸಿನ ಹೆಂಡತಿಯೂ ಇನ್ನೊಬ್ಬನಿಗೆ ಅರ್ಜುನನ ಬಿಲ್ಲಿನ ಹೆದೆಯೂ ಕಾಣಬಹುದು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲ್ ನಿಘಂಟು ಇಂಥ ಅವಳಿಗಳನ್ನು ಬೇರೆ ಬೇರೆ ನಮೂದುಗಳಲ್ಲಿ ಕೂರಿಸಿ ನಮ್ಮ ಕೆಲಸವನ್ನು ಹಗುರ ಮಾಡಿದೆ. ಅಲ್ಲಿ ಮೈಯ ನರಕ್ಕೆ ಕೊಟ್ಟ ಅರ್ಥಗಳಲ್ಲಿ ಸ್ನಾಯುರಜ್ಜು, ನರ, ರಕ್ತನಾಳ ಮೂರೂ ಸೇರಿವೆ. ಅಂದರೆ ಆ ಕ್ಲಿನಿಕ್ಕಿನ ಮೂವರೂ ಕಿಟ್ಟೆಲರ ಒಂದೇ ನಮೂದಿನೊಳಗೆ ಕೂತಿದ್ದರು.

ಒಡಹುಟ್ಟಿದ ಭಾಷೆಗಳನ್ನು ಕೇಳಿದರೆ ಕಥೆ ಇನ್ನೂ ಬಿಚ್ಚಿಕೊಳ್ಳುತ್ತದೆ. ತಮಿಳಿನಲ್ಲಿ ನರಂಬು, ಮಲಯಾಳದಲ್ಲಿ ಞರಂಬು, ತೆಲುಗಿನಲ್ಲಿ ನರಮು, ತುಳುವಿನಲ್ಲಿ ನಮ್ಮ ಹಾಗೆಯೇ ನರ. ಮಲಯಾಳದ ಆ ಮೊದಲಿನ ಞಕಾರ ಬಹಳ ಹಳೆಯ ಉಚ್ಚಾರವೊಂದರ ಉಳಿಕೆ. ಕನ್ನಡ ಅದನ್ನು ನಕಾರಕ್ಕೆ ಒಪ್ಪಿಸಿ, ಕೊನೆಯ ಅಂಬನ್ನೂ ಕಳಚಿಟ್ಟು, ಎರಡೇ ಅಕ್ಷರ ಉಳಿಸಿಕೊಂಡಿದೆ. ಮುಂದೆ ಸದ್ದು ಬದಲಾಗಲಿಲ್ಲ, ಅರ್ಥ ಮಾತ್ರ ಹರಿದಾಡಿತು. ಯಲಹಂಕವಿರುವ ಇದೇ ಉತ್ತರ ಬೆಂಗಳೂರಿನಲ್ಲಿ ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಉಂಟು. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ, ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ವೀರಗಲ್ಲಿನಲ್ಲಿ ಆ ಸೀಮೆಯ ಹೆಸರು ಪೆರ್ಬೊೞಲ್ ನಾಡು ಎಂದಿದೆ. ಅಲ್ಲಿಂದ ಇಲ್ಲಿಯವರೆಗೆ ಪಕಾರ ಹಕಾರವಾಯಿತು, ೞಕಾರ ಅಳಿಯಿತು, ಪೆರ್ಬೊೞಲ್ ಹೋಗಿ ಹೆಬ್ಬಾಳ ಬಂತು. ಉಚ್ಚಾರ ಪೂರ್ತಿ ಸವೆದರೂ ಹೆಸರು ತೋರಿಸುವ ಜಾಗ ಅದೇ. ನರದ ಪಾಲಿಗೆ ಉಚ್ಚಾರ ಅದೇ, ತೋರಿಸುವ ಜಾಗ ಬೇರೆ. ಪದಗಳು ಸವೆಯುವ ಈ ಎರಡು ಬಗೆಯನ್ನೂ ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಬಸ್ಸಿಗೆ ಕಾಯುತ್ತಲೇ ನೆನೆದುಕೊಳ್ಳಬಹುದು.

ತಮಿಳಿನ ನರಂಬಿಗೆ ಇನ್ನೂ ಒಂದು ಅರ್ಥವಿದೆ: ಯಾಳ್ ಎಂಬ ವಾದ್ಯದ ತಂತಿ. ಇದು ನಮ್ಮಲ್ಲಿ ಇಲ್ಲವೇ ಎಂದು ಹುಡುಕುತ್ತ ಹೋದರೆ ಹನ್ನೆರಡನೆಯ ಶತಮಾನದ ಬಸವಣ್ಣನವರು ಎದುರಾಗುತ್ತಾರೆ. ತಮ್ಮ ಮೈಯನ್ನೇ ವಾದ್ಯವಾಗಿಸಿಕೊಳ್ಳೆಂದು ಕೂಡಲಸಂಗಮನನ್ನು ಬೇಡುವ ಅವರ ಹೆಸರಾಂತ ವಚನದಲ್ಲಿ ತಂತಿಯಾಗುವುದು ನರವೇ. ಅದು ಕವಿಯೊಬ್ಬರಿಗೆ ಥಟ್ಟನೆ ಹೊಳೆದ ರೂಪಕವಷ್ಟೇ ಅಲ್ಲ ಎಂದು ನನಗನಿಸುತ್ತದೆ. ಪ್ರಾಣಿಯ ಕರುಳು, ನರಗಳನ್ನು ಒಣಗಿಸಿ ಹುರಿಮಾಡಿ ವಾದ್ಯಕ್ಕೂ ಬಿಲ್ಲಿಗೂ ಬಿಗಿಯುತ್ತಿದ್ದ ಕಾಲದಲ್ಲಿ ಎಳೆದು ಕಟ್ಟಿದರೆ ಬಿಗಿಯಾಗುವ, ಮೀಟಿದರೆ ನುಡಿಯುವ ಎಲ್ಲ ಎಳೆಗೂ ಒಂದೇ ಹೆಸರು ಸಾಲುತ್ತಿತ್ತು. ನಾಡಿ ಬಡಿಯುತ್ತದೆ ಎಂದಷ್ಟೇ ಅಲ್ಲ, ಮಿಡಿಯುತ್ತದೆ ಎಂದೂ ಹೇಳುತ್ತೇವಲ್ಲ, ಆ ಮಿಡಿ ಬೆರಳ ತುದಿಯಿಂದ ತಂತಿಯನ್ನು ಚಿಮ್ಮುವ ಕ್ರಿಯೆ. ಕನ್ನಡದ ಕಿವಿಗೆ ಮೈಯೆಂದರೆ ಶ್ರುತಿಮಾಡಿದ ವಾದ್ಯ.

ಬಿಲ್ಲಿನ ಹೆದೆಯಿಂದ ನರಕ್ಕೆ ಬಂದ ದಾರಿ ನಮ್ಮದೊಂದೇ ಅಲ್ಲ. ಗ್ರೀಕರ ನ್ಯೂರಾನ್ ಮೊದಲು ಸ್ನಾಯುರಜ್ಜು, ಹೆದೆ. ಲ್ಯಾಟಿನ್ನಿನ ನೆರ್ವುಸ್ ಕೂಡ ಅದೇ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೆರೋಫಿಲಸ್ ಮತ್ತು ಎರಾಸಿಸ್ಟ್ರಾಟಸ್ ಶವ ಕೊಯ್ದು ನೋಡಿ, ಮಾಂಸಖಂಡವನ್ನು ಎಳೆಯುವ ಹುರಿ ಬೇರೆ, ಅರಿವನ್ನು ಒಯ್ಯುವ ಎಳೆ ಬೇರೆ ಎಂದು ಗುರುತಿಸಿದ ಮೇಲೆ ಅಲ್ಲಿ ಪದ ಮೆಲ್ಲಗೆ ಎರಡನೆಯದಕ್ಕೆ ಮೀಸಲಾಯಿತು. ಗ್ರೀಕಿನ ನ್ಯೂರಾನಿಗೂ ಸಂಸ್ಕೃತದ ಸ್ನಾಯುವಿಗೂ ಬೇರು ಒಂದೇ. ಸುಶ್ರುತ 700 ಸಿರೆ, 900 ಸ್ನಾಯು, 24 ಧಮನಿ ಎಂದು ಎಣಿಸುವಾಗ ಸ್ನಾಯುವೆಂದರೆ ದೋಣಿಯ ಹಲಗೆಗಳನ್ನು ಬಿಗಿದಂತೆ ಮೈಯ ಕೀಲುಗಳನ್ನು ಬಿಗಿಯುವ ಕಟ್ಟು. ಅದೇ ಸ್ನಾಯು ಇವತ್ತು ಹಿಂದಿಯಲ್ಲಿ ನರ, ಮರಾಠಿಯಲ್ಲೂ ನಮ್ಮ ಶಾಲೆಯ ಪಠ್ಯದಲ್ಲೂ ಮಾಂಸಖಂಡ! ಹಿಂದಿ ಪುಸ್ತಕದ 'ಸ್ನಾಯುರೋಗ'ವನ್ನು ಹಾಗೇ ಎತ್ತಿ ಕನ್ನಡಕ್ಕೆ ತಂದರೆ ರೋಗಿ ತಪ್ಪು ವೈದ್ಯರ ಬಾಗಿಲು ತಟ್ಟಬೇಕಾದೀತು. ಆರ್.ಟಿ. ನಗರದ ಕಡೆ ಉರ್ದು ಆಡುವ ಮನೆಗಳಲ್ಲಿ ಕೇಳಿದರೆ 'ನಸ್' ಎನ್ನುತ್ತಾರೆ, ಯಲಹಂಕದ ತೆಲುಗು ಮನೆಗಳಲ್ಲಿ 'ನರಂ' ಎನ್ನುತ್ತಾರೆ. ಅವೆರಡೂ ನಮ್ಮ ನರದಷ್ಟೇ ಅಗಲ, ರಕ್ತನಾಳವನ್ನೂ ಹಿಡಿಯುತ್ತವೆ, ಕಟ್ಟನ್ನೂ ಹಿಡಿಯುತ್ತವೆ.

ಆಡುಮಾತಿನಲ್ಲಿ ನರ ಎಲ್ಲೆಲ್ಲಿ ಕಾಲಿಟ್ಟಿದೆಯೆಂದು ಎಣಿಸಿದರೆ ಬೆರಳು ಸಾಲದು. ಇಂಜೆಕ್ಷನ್ನು ನರಕ್ಕೋ ಸೊಂಟಕ್ಕೋ ಎಂದು ಕೇಳುವಾಗ ರಕ್ತನಾಳ. ಸಿಟ್ಟಿಗೆದ್ದವನ ಹಣೆಯ ನರ ಉಬ್ಬಿತು ಎನ್ನುವಾಗಲೂ ಅದೇ. ಮೀನಖಂಡದಲ್ಲಿ ನರ ಎಳೆಯಿತು ಎನ್ನುವಾಗ ಮಾಂಸಖಂಡದ ಸೆಳೆತ. ವೀಳ್ಯದೆಲೆಯ ನರ ಬಿಡಿಸುವಾಗ ಎಲೆಯ ಎಳೆ. ನರನಾಡಿಗಳಲ್ಲಿ ಹರಿದಾಡಿತು ಎನ್ನುವಾಗ ಇಡೀ ಮೈ. ನರಸತ್ತವನು ಎಂದರೆ ಕೆಚ್ಚಿಲ್ಲದವನು. ಗೋಡೆಗಳ ಮೇಲೆ ಬಣ್ಣದಲ್ಲಿ ಬರೆದಿರುವ 'ನರದೌರ್ಬಲ್ಯ'ದ ಜಾಹೀರಾತು ಮುಟ್ಟುವುದು ಇನ್ನಾವುದೋ ಸಂಕೋಚದ ಜಾಗವನ್ನು. ನರಳು ಎಂಬ ಕ್ರಿಯಾಪದವನ್ನೂ ಇದೇ ಸಾಲಿಗೆ ಸೇರಿಸುವ ಆಸೆ ಯಾರಿಗಾದರೂ ಹುಟ್ಟಬಹುದು, ನರ ನೊಂದವನು ತಾನೇ ನರಳುವುದು? ಆದರೆ ನರಳು ತಮಿಳಿನ ನರಲ್ ಎಂಬ ಸದ್ದಿನ ಬಳಗದ್ದು. ನಿಘಂಟುಗಳು ಅದನ್ನು ಬೇರೆಯಾಗಿಯೇ ಇಟ್ಟಿವೆ. ಕಿವಿಗೆ ಹಿತವಾದ ನಂಟೆಲ್ಲ ರಕ್ತಸಂಬಂಧವಲ್ಲವೆಂದು ನಾವು ಮತ್ತೆ ಮತ್ತೆ ನೆನೆಯಬೇಕಾಗುತ್ತದೆ.

ಈಗ ದೊಡ್ಡಮ್ಮನ ಪಾದಕ್ಕೆ ಬರುತ್ತೇನೆ. ಮುಳ್ಳು ಚುಚ್ಚಿದರೆ, ಬಿಸಿ ತಗುಲಿದರೆ ನರ ಸುದ್ದಿ ಒಯ್ಯುತ್ತದೆ, ಮಿದುಳು ಅದನ್ನು ನೋವೆಂದು ಓದುತ್ತದೆ; ಇದು ಸರಿಯಾದ ನೋವು, ಕಾಪಾಡುವ ನೋವು. ನರವೇ ಕೆಟ್ಟಾಗ, ವರ್ಷಗಟ್ಟಲೆ ಏರಿದ ರಕ್ತದ ಸಕ್ಕರೆಯಿಂದಲೋ, ಮದ್ಯದಿಂದಲೋ, ಬಿ-12 ಜೀವಸತ್ವದ ಕೊರತೆಯಿಂದಲೋ, ಕುಷ್ಠದಿಂದಲೋ, ಮುಳ್ಳೂ ಇಲ್ಲದೆ ಬೆಂಕಿಯೂ ಇಲ್ಲದೆ ಸುದ್ದಿ ತಾನೇ ಹುಟ್ಟುತ್ತದೆ. ಯಾರೂ ಮೀಟದೆ ತಂತಿ ನುಡಿಯುತ್ತದೆ. ಅದರ ಪಕ್ಕದಲ್ಲೇ ನಿಜವಾದ ಸುದ್ದಿ ನಿಂತುಹೋಗುತ್ತದೆ: ಉರಿಯುವ ಅದೇ ಪಾದಕ್ಕೆ ಚಪ್ಪಲಿಯೊಳಗಿನ ಕಲ್ಲು ತಿಳಿಯದು. ಬೇನೆ ಎಂಬ ನಮ್ಮ ಹಳ್ಳಿಯ ಪದ ಸಂಸ್ಕೃತದ ವೇದನೆಯ ತದ್ಭವ. ವೇದನೆಯ ಬೇರು ವೇದಕ್ಕೂ ವಿದ್ಯೆಗೂ ಬೇರಾದ ವಿದ್, ಅಂದರೆ ತಿಳಿ. ಬೌದ್ಧರ ಶಾಸ್ತ್ರದಲ್ಲಿ ವೇದನೆ ಎಂದರೆ ಸುಖ, ದುಃಖ, ಎರಡೂ ಅಲ್ಲದ್ದು, ಈ ಮೂರೂ ಬಗೆಯ ಅನುಭವ. ಆ ಅಗಲವಾದ ತಿಳಿವು ನಮ್ಮಲ್ಲಿ ನೋವೊಂದಕ್ಕೇ ಕುಗ್ಗಿ ಬೇನೆಯಾಯಿತು. ನರ ಕೆಟ್ಟವರ ಪಾಲಿಗೆ ಆ ಹಳೆಯ ಅರ್ಥ ಮರಳಿ ನಿಜವಾಗುತ್ತದೆ: ಅವರದು ತಿಳಿವೇ ಕೆಟ್ಟ ಬೇನೆ.

ಹಿಂದಿನವರು ಇದನ್ನು ಕಾಣದೆ ಇರಲಿಲ್ಲ. ವಾತವ್ಯಾಧಿಗಳ ಸಾಲಿನಲ್ಲಿ ಸುಶ್ರುತ ಪಾದದಾಹ, ಪಾದಹರ್ಷ ಎಂಬ ಎರಡನ್ನು ಹೇಳುತ್ತಾನೆ. ಪಾದದಾಹ ಸ್ಪಷ್ಟ, ಅಂಗಾಲಿನ ಉರಿ. ಪಾದಹರ್ಷ ಓದಿದಾಗ ನಾನು ಒಂದು ಕ್ಷಣ ತಬ್ಬಿಬ್ಬಾದೆ, ಕಾಲಿಗೆಂಥ ಸಂತೋಷ? ಹರ್ಷದ ಹಳೆಯ ಅರ್ಥ ಮೈ ನವಿರೇಳುವುದು, ಜುಮ್ಮೆನ್ನುವುದು. ರೋಮಹರ್ಷದಲ್ಲಿ ಅದು ಇನ್ನೂ ಉಳಿದಿದೆ. ಸಂತೋಷಕ್ಕೆ ಮೈ ಜುಮ್ಮೆನ್ನುವುದರಿಂದ ಹರ್ಷ ಸಂತೋಷವಾಯಿತು. ಪಾದಹರ್ಷವೆಂದರೆ ದೊಡ್ಡಮ್ಮ ಹೇಳಿದ, ಇರುವೆ ಹರಿದಂಥ ಜುಮುಜುಮು.

ಇನ್ನೊಂದು ಜೋಡಿಯನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸಾಗದು. ಎದೆಯಿಂದ ಬೆನ್ನಿನವರೆಗೆ ಒಂದು ಪಕ್ಕದಲ್ಲಿ ಪಟ್ಟಿಯಂತೆ ಗುಳ್ಳೆಯೇಳುವ ಕಾಯಿಲೆಗೆ ನಮ್ಮವರು ಸರ್ಪಸುತ್ತು ಎನ್ನುತ್ತಾರೆ. ಕೆಮ್ಮಣ್ಣು ಬಳಿಯುತ್ತಾರೆ, ಯಲಹಂಕದಿಂದ ಬಡಗಣಕ್ಕೆ ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊರುತ್ತಾರೆ. ಗುಳ್ಳೆ ಬಾಡಿದ ಮೇಲೂ ಕೆಲವರಿಗೆ, ವಯಸ್ಸಾದವರಿಗೆ ಹೆಚ್ಚಾಗಿ, ಅದೇ ಪಟ್ಟಿಯಲ್ಲಿ ತಿಂಗಳುಗಟ್ಟಲೆ ನರದ ಉರಿ ಉಳಿಯುತ್ತದೆ. ವೈದ್ಯರು ಈ ಕಾಯಿಲೆಯನ್ನು ಹರ್ಪಿಸ್ ಝಾಸ್ಟರ್ ಎಂದು ಬರೆಯುತ್ತಾರೆ. ಹರ್ಪಿಸ್ ಹುಟ್ಟಿದ್ದು ಹರಿ, ತೆವಳು ಎಂಬ ಅರ್ಥದ ಗ್ರೀಕ್ ಧಾತುವಿನಿಂದ. ಸಂಸ್ಕೃತದ ಸರ್ಪ ಅದರ ಒಡಹುಟ್ಟು. ಝಾಸ್ಟರ್ ಎಂದರೆ ನಡುವಿಗೆ ಸುತ್ತುವ ಪಟ್ಟಿ. ಸರ್ಪ, ಸುತ್ತು: ಹಳ್ಳಿಯ ಅಜ್ಜಿಯ ಹೆಸರೂ ಗ್ರೀಕರ ಹೆಸರೂ ತುಂಡಿಗೆ ತುಂಡು ಹೊಂದುತ್ತವೆ. ಇವರಲ್ಲಿ ಯಾರೂ ಯಾರಿಂದಲೂ ಕಡ ತಂದದ್ದಲ್ಲ. ಒಂದೇ ಗಾಯವನ್ನು ಎರಡು ಜೋಡಿ ಕಣ್ಣು ಒಂದೇ ರೀತಿ ಕಂಡಿವೆ, ಅಷ್ಟೆ.

ಇನ್ನು ಮದ್ದು. ಹಳಗನ್ನಡದ ಮರ್ದು, ತಮಿಳಿನ ಮರುಂದು. ಗುಣಪಡಿಸುವುದೂ ಮದ್ದು, ಕೆಡುಕು ಬಗೆದು ಇಕ್ಕುವುದೂ ಮದ್ದು, ಬಂದೂಕಿಗೆ ತುಂಬುವುದೂ ಮದ್ದು. ನರದ ನೋವಿಗೆ ಸಾಮಾನ್ಯ ನೋವಿನ ಮಾತ್ರೆ ನಾಟುವುದು ಕಡಿಮೆ. ಊತ ಇಳಿಸುವುದರಿಂದ ತಂತಿಯ ಶ್ರುತಿ ಸರಿಹೋಗದಲ್ಲ. ಹಾಗಾಗಿ ವೈದ್ಯರು ಬೇರೆ ಊರಿನ ಮದ್ದುಗಳನ್ನು ಕರೆಸಿಕೊಂಡರು: 1961ರಿಂದ ಖಿನ್ನತೆಗೆ ಬಳಕೆಯಲ್ಲಿದ್ದ ಅಮಿಟ್ರಿಪ್ಟಿಲಿನ್, ಅದೇ ಕೆಲಸಕ್ಕೆ ಆಮೇಲೆ ಬಂದ ಡ್ಯುಲಾಕ್ಸೆಟಿನ್, 1993ರಲ್ಲಿ ಅಮೆರಿಕದಲ್ಲಿ ಮೂರ್ಛೆರೋಗಕ್ಕೆಂದು ಒಪ್ಪಿಗೆ ಪಡೆದ ಗ್ಯಾಬಾಪೆಂಟಿನ್, ಅದರ ತಂಗಿ ಪ್ರಿಗ್ಯಾಬಲಿನ್. ಕೊನೆಯದನ್ನು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸಿಲ್ವರ್‌ಮನ್ ಅವರ ಪ್ರಯೋಗಶಾಲೆ 1989ರಲ್ಲಿ ತಯಾರಿಸಿತು. 2004ರ ಕೊನೆಯಲ್ಲಿ ಸಕ್ಕರೆ ಕಾಯಿಲೆಯ ನರನೋವಿಗೂ ಸರ್ಪಸುತ್ತಿನ ನಂತರದ ನೋವಿಗೂ ಅಲ್ಲಿ ಒಪ್ಪಿಗೆ ದೊರೆಯಿತು.

ಆ ಎರಡು ಹೆಸರುಗಳೊಳಗಿನ 'ಗ್ಯಾಬಾ'ವನ್ನು ಬಿಡಿಸಿ ನೋಡಿ. ಮಿದುಳಿನಲ್ಲಿ ನರಗಳ ಆರ್ಭಟವನ್ನು ತಗ್ಗಿಸುವ ಗ್ಯಾಮಾ ಅಮೈನೋ ಬ್ಯುಟಿರಿಕ್ ಆಮ್ಲದ ಮೊದಲಕ್ಷರಗಳು ಅವು. ಬ್ಯುಟಿರಿಕ್ ಎಂಬುದು ಫ್ರೆಂಚ್ ರಸಾಯನಜ್ಞ ಷೆವ್ರಲ್ ಬೆಣ್ಣೆಯಲ್ಲಿ ಕಂಡ ಆಮ್ಲದ ಹೆಸರು. ಗ್ರೀಕರ ಬೂಟಿರಾನ್, ಬೆಣ್ಣೆ, ಅಂದರೆ ಹಸುವಿನ ಗಿಣ್ಣ. ಅದರ ಮೊದಲ ತುಂಡಾದ ಬೂಸ್ ನಮ್ಮ ಗೋವಿನ ಒಡಹುಟ್ಟು. ನಮ್ಮ ಬೆಣ್ಣೆಯಾದರೋ ಬೆಳ್ ಮತ್ತು ನೆಯ್ ಕೂಡಿದ ಬಿಳಿಯ ತುಪ್ಪ, ಎಳ್ಳಿನ ನೆಯ್ ಎಣ್ಣೆಯಾದ ಹಾಗೆ. ದೊಡ್ಡಮ್ಮನ ಮಾತ್ರೆಯ ಹೆಸರಿನಲ್ಲಿ ಹೀಗೊಂದು ಹಸು ಮೇಯುತ್ತಿದೆ. ಇನ್ನೂ ಸ್ವಾರಸ್ಯವಿರುವುದು ಮುಂದೆ: ಈ ಮದ್ದುಗಳು ಗ್ಯಾಬಾದಂತೆಯೇ ಕೆಲಸ ಮಾಡುತ್ತವೆಂದು ನಂಬಿ ಅವನ್ನು ರೂಪಿಸಿದರು, ಹೆಸರಿಟ್ಟರು. ಆಮೇಲೆ ತಿಳಿದದ್ದು ಬೇರೆ. ಅವು ಗ್ಯಾಬಾ ಕೂರುವ ಜಾಗವನ್ನು ಮುಟ್ಟುವುದೇ ಇಲ್ಲ. ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಬರುವ ಬಾಗಿಲಿನ ಆಲ್ಫಾ-2-ಡೆಲ್ಟಾ ಎಂಬ ಭಾಗಕ್ಕೆ ಅಂಟಿಕೊಂಡು, ನೋವಿನ ಸುದ್ದಿ ಹೊತ್ತ ರಾಸಾಯನಿಕಗಳು ಹೊರಚೆಲ್ಲುವುದನ್ನು ಕಡಿಮೆ ಮಾಡುತ್ತವೆ. ನಂಬಿಕೆ ಬಿದ್ದುಹೋಯಿತು, ಹೆಸರು ನಿಂತಿತು. ರಕ್ತನಾಳಕ್ಕೆ ಸೂಜಿ ಹಾಕುತ್ತ ನರ ಎನ್ನುವ ನರ್ಸಮ್ಮನಿಗೂ ಪ್ರಯೋಗಶಾಲೆಯ ಪಂಡಿತರಿಗೂ ಪದ ಒಂದೇ ನ್ಯಾಯ ನೀಡಿದೆ.

ಆದರೆ ಪದದ ಈ ಅಗಲ ಮೆಡಿಕಲ್ ಸ್ಟೋರಿನ ಕಟ್ಟೆಯ ಮುಂದೆ ಅಪಾಯವಾಗುತ್ತದೆ, ನಾನು ಇದನ್ನು ಬರೆಯಲು ಕೂತದ್ದೂ ಅದಕ್ಕೇ. ಕ್ಲಿನಿಕ್ಕಿಗೆ ಬರುವ ಮೊದಲು ಎಂಟು ತಿಂಗಳು ದೊಡ್ಡಮ್ಮ ಒಂದು ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ 'ನರದ ಮಾತ್ರೆ' ಎಂದು ಕೇಳಿ, ಕೊಟ್ಟದ್ದನ್ನು ನುಂಗಿದ್ದರು. ಮೊದಲು ಕೊಟ್ಟದ್ದು ಬಿ ಜೀವಸತ್ವದ ಮಾತ್ರೆ. ಅವರಿಗೆ ಬಿ-12 ಕಡಿಮೆಯಿತ್ತೋ ಇಲ್ಲವೋ ಯಾರೂ ನೋಡಿರಲಿಲ್ಲ. ಉರಿ ಬಿಡಲಿಲ್ಲವೆಂದಾಗ ಪ್ರಿಗ್ಯಾಬಲಿನ್ ಕೂಡಿದ್ದನ್ನು ಕೊಟ್ಟರು. ಅದೂ 'ನರದ ಮಾತ್ರೆ'ಯೇ. ತಲೆಸುತ್ತಿ ಬಚ್ಚಲಲ್ಲಿ ಬಿದ್ದರು, ಕಾಲು ಊದಿತು. ಹೆದರಿ ಒಂದೇ ದಿನಕ್ಕೆ ನಿಲ್ಲಿಸಿದರು, ನಿದ್ದೆ ಹಾರಿಹೋಯಿತು. ಇದು ವೈದ್ಯರ ಚೀಟಿಯ ಮೇಲೆಯೇ ಮಾರಬೇಕಾದ ಮದ್ದು. ಮೂತ್ರಪಿಂಡದ ಶಕ್ತಿ ನೋಡಿ ಪ್ರಮಾಣ ನಿಗದಿಯಾಗಬೇಕು, ಸ್ವಲ್ಪದಿಂದ ಏರಿಸಬೇಕು, ಬಿಡುವಾಗಲೂ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಜೋಮು ಕಳೆಯಲೆಂದು ನುಂಗಿದ್ದು ಜೋಂಪು ತರುತ್ತದೆ, ಎಂದರೆ ತೂಕಡಿಕೆ. ಒಂದೇ ಮನೆಯ ಅಕ್ಕತಂಗಿಯರಂತಿರುವ ಈ ಎರಡು ಪದಗಳನ್ನು ಒಂದೇ ಮಾತ್ರೆಯಲ್ಲಿ ನೋಡಿ ನನಗೆ ಮೈ ಜುಮ್ಮೆಂದಿತು.

ಹಾಗಾದರೆ ಅಗಲವಾದ ಈ ನರವನ್ನು ಬಿಟ್ಟು ಇಂಗ್ಲಿಷಿನ ಪದ ಹಿಡಿಯಬೇಕೇ? ಬೇಡ. ನರದ ಸುತ್ತ ಕನ್ನಡ ಕಟ್ಟಿಕೊಂಡಿರುವ ಅನುಭವದ ಪದಗಳು ಅದರಷ್ಟು ಮಸುಕಲ್ಲ. ನರದ ನೋವನ್ನು ಮಿಕ್ಕ ನೋವಿನಿಂದ ಬೇರೆಮಾಡಲು ಫ್ರಾನ್ಸಿನ ವೈದ್ಯರು 2005ರಲ್ಲಿ ಪ್ರಕಟಿಸಿದ, ಈಗ ಲೋಕದ ಹಲವೆಡೆ ಬಳಕೆಯಲ್ಲಿರುವ ಡಿಎನ್4 ಎಂಬ ಪ್ರಶ್ನಾವಳಿಯಿದೆ. ಹತ್ತು ಅಂಶ, ನಾಲ್ಕಕ್ಕೆ ಹೌದೆಂದರೆ ನರದ ನೋವೆಂಬ ಗುಮಾನಿ ಬಲವಾಗುತ್ತದೆ. ರೋಗಿಯ ಬಾಯಿಂದಲೇ ಕೇಳಬೇಕಾದವು ಏಳು: ಉರಿಯೇ, ನೋಯಿಸುವ ತಣುಪೇ, ಕರೆಂಟು ಹೊಡೆದಂತೆಯೇ, ಜುಮುಜುಮು ಎನ್ನುತ್ತದೆಯೇ, ಸೂಜಿ ಚುಚ್ಚಿದಂತೆಯೇ, ಜೋಮು ಹಿಡಿದಿದೆಯೇ, ತುರಿಸುತ್ತದೆಯೇ. ಇವಕ್ಕೆ ಕನ್ನಡದಲ್ಲಿ ಹೊಸದಾಗಿ ಏನನ್ನೂ ಟಂಕಿಸಬೇಕಾಗಿಲ್ಲ. ಏಳಕ್ಕೆ ಏಳೂ ದೊಡ್ಡಮ್ಮನ ಬಾಯಲ್ಲಿ ಮೊದಲೇ ಇವೆ, ಅದರ ಮೇಲೆ ಮರಗಟ್ಟುವುದೂ ಇದೆ. ಕಾಲು ಮರವಾಗಿ ಕಟ್ಟುವುದು, ತಮಿಳರು ಮರತ್ತುಪ್ಪೋಚು ಎನ್ನುವ ಅದೇ ಚಿತ್ರ. ಇರುವೆ ಹರಿದಂತೆ ಎಂಬುದಕ್ಕೆ ವೈದ್ಯರ ಲ್ಯಾಟಿನ್ನಿನಲ್ಲಿ ಫಾರ್ಮಿಕೇಶನ್ ಎಂಬ ಪದವಿದೆ, ಫಾರ್ಮಿಕಾ ಎಂದರೆ ಇರುವೆಯೇ.

ಆ ದಿನ ಒಳಗೆ ಹೋದಾಗ ವೈದ್ಯರು, "ನರ ಅನ್ನೋದಿರ್ಲಿ ಅಮ್ಮ, ಹೆಂಗಾಗುತ್ತೆ ಅದನ್ನ ಹೇಳಿ" ಎಂದರು. ದೊಡ್ಡಮ್ಮ ಹೇಳುತ್ತ ಹೋದರು, ಅವರು ಬರೆಯುತ್ತ ಹೋದರು. ಆಮೇಲೆ ಸೂಜಿಯ ಮೊನೆ, ಹತ್ತಿಯ ಎಳೆ, ಶ್ರುತಿಕವೆ ಮೂರನ್ನೂ ಪಾದಕ್ಕೆ ತಾಗಿಸಿ ನೋಡಿದರು. ಹೌದು, ಸಂಗೀತದ ಶ್ರುತಿಕವೆಯೇ. ಅದರ ಕಂಪನ ಕಾಲ್ಬೆರಳಿಗೆ ತಿಳಿಯುತ್ತದೆಯೋ ಎಂದು ನೋಡುವುದು ನರದ ಹಳೆಯ ಪರೀಕ್ಷೆ. ದೊಡ್ಡಮ್ಮನ ಹೆಬ್ಬೆರಳಿಗೆ ತಿಳಿಯಲಿಲ್ಲ, ಹರಡಿನ ಮೂಳೆಗೆ ತಿಳಿಯಿತು.

ನಿಮ್ಮ ಮನೆಯಲ್ಲಿ ಪಾದ ಉರಿಯುವವರಿದ್ದರೆ ಅಂಗಡಿಯಲ್ಲಿ 'ನರದ ಮಾತ್ರೆ' ಕೇಳಬೇಡಿ, ವೈದ್ಯರ ಬಳಿ 'ನರದ ತೊಂದರೆ' ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಉರಿ, ಜೋಮು, ಜುಮುಜುಮು, ಮರಗಟ್ಟುವುದು, ಯಾವುದೆಂದು ಬಿಡಿಸಿ ಹೇಳಿ, ಹಗಲೋ ರಾತ್ರಿಯೋ ಅದನ್ನೂ ಹೇಳಿ. ನಿಮ್ಮ ಸೀಮೆಯಲ್ಲಿ ಈ ಅನುಭವಗಳಿಗೆ ಬೇರೆ ಪದಗಳಿದ್ದರೆ ನನಗೂ ಬರೆದು ತಿಳಿಸಿ.